ಗಾನಶ್ರೀ, ರೋಹಿಣಿ ನಕ್ಷತ್ರ, ವೃಷಭ ರಾಶಿ

ಜಾಲ್ಸೂರಿನ ನಿವೃತ್ತ ಲೈನ್‌ಮ್ಯಾನ್ ತೀರ್ಥರಾಮಣ್ಣನಿಗೆ ಮೂವತ್ತೆರಡು ವರ್ಷದ ಸೇವೆಯಲ್ಲಿ ಮೂರು ಸಲ ಶಾಕ್ ಹೊಡೆದಿತ್ತು. ಮೂರೂ ಸಲ ಅವನು ತಾನಾಗಿಯೇ ಎದ್ದು, ಮೈ ಕೊಡವಿಕೊಂಡು, ಅಲಿ ಕುಂಞಿಯ ಹೋಟೆಲಿಗೆ ನಡೆದುಹೋಗಿ ಚಹಾ ಕುಡಿದಿದ್ದ. ನಾಲ್ಕನೆಯದು ಹೊಡೆದದ್ದು ನಿವೃತ್ತಿಯ ನಂತರ, ಪುತ್ತೂರಿನ ಒಂದು ಸಭಾಭವನದಲ್ಲಿ, ವಯರಿಂಗ್ ಎಲ್ಲ ಸರಿಯಾಗಿಯೇ ಇದ್ದ ಒಂದು ಮೈಕಿನ ಮುಂದೆ. ಅದರ ನಂತರ ಅವನು ಅಲಿ ಕುಂಞಿಯ ಹೋಟೆಲಿಗೆ ಹೋಗುವುದನ್ನೇ ಬಿಟ್ಟ.

ಅವನ ಮನೆಯಲ್ಲಿ ಸೋಮವಾರದಿಂದ ಶುಕ್ರವಾರದವರೆಗೆ ಸಂಜೆ ಏಳೂವರೆಗೆ ‘ಬೆಳ್ಳಿ ಹೊಸ್ತಿಲು’ ಧಾರಾವಾಹಿ. ಅದರ ಸೊಸೆ ಗಾನಶ್ರೀ. ಮದುವೆಯಾಗಿ ಏಳುನೂರ ಹನ್ನೆರಡು ಎಪಿಸೋಡ್ ಕಳೆದರೂ ಮಕ್ಕಳಾಗಲಿಲ್ಲವೆಂದು ಅತ್ತೆ ಅವಳನ್ನು ದಿನಕ್ಕೆ ಇಪ್ಪತ್ತೆರಡು ನಿಮಿಷ, ಜಾಹೀರಾತಿನ ಹೊತ್ತು ಬಿಟ್ಟು, ಪೀಡಿಸುತ್ತಿದ್ದಳು. ಗಾನಶ್ರೀ ಎದುರು ಮಾತಾಡುವವಳಲ್ಲ. ಅಡುಗೆಮನೆಯ ಕಿಟಕಿಯ ಬಳಿ ನಿಂತು ಅಳುವವಳು. ಮೊದಲು ಎಡಗಣ್ಣಿನಿಂದ ಒಂದು ಹನಿ. ಅದು ಗಲ್ಲ ಮುಟ್ಟಿದ ಮೇಲೆ ಬಲಗಣ್ಣಿನಿಂದ ಇನ್ನೊಂದು. ಎಷ್ಟು ಚೆಂದದ ಅಳುವೆಂದರೆ, ಅದನ್ನು ನೋಡಿ ಅಳದವರು ಮನುಷ್ಯರೇ ಅಲ್ಲವೆಂದು ತೀರ್ಥರಾಮಣ್ಣನ ಹೆಂಡತಿ ಕುಮುದಿನಿ ನಂಬಿದ್ದಳು.

ಈ ಅಳುವಿಗೆ ಪಕ್ಕದ ಮನೆಯ ಐಸಮ್ಮ ತನ್ನದೇ ಪ್ಲಾಸ್ಟಿಕ್ ಕುರ್ಚಿ ಹಿಡಿದುಕೊಂಡು ಬರುತ್ತಿದ್ದಳು. ಅವಳ ಮನೆಯ ಟಿ.ವಿ. ಇದಕ್ಕಿಂತ ದೊಡ್ಡದು. “ಉಂಟು, ಆದ್ರೆ ಒಬ್ಬಳೇ ಕೂತು ಅಳುದು ಹೇಗೆ ಕುಮುದಕ್ಕ?” ಎನ್ನುವುದು ಅವಳ ಪ್ರಶ್ನೆ. ಅತ್ತೆ ತೆರೆಯ ಮೇಲೆ ಬಂದ ಕೂಡಲೇ ಅವಳು ಸೆರಗು ಬಿಗಿಯುತ್ತಿದ್ದಳು. “ಈ ಮುದುಕಿ ಒಂದು ಸಲ ನಮ್ಮ ಜಂಕ್ಷನಿನಲ್ಲಿ ಬಸ್ಸಿಂದ ಇಳೀಲಿ. ಮತ್ತೆ ನಾನುಂಟು, ಅವಳುಂಟು!”

ತೀರ್ಥರಾಮಣ್ಣ ತಾನು ಧಾರಾವಾಹಿ ನೋಡುತ್ತೇನೆಂದು ಒಪ್ಪಿಕೊಂಡವನಲ್ಲ. ಅವನು ಪೇಪರ್ ಓದುವವನು. ಏಳೂವರೆಯಿಂದ ಎಂಟರವರೆಗೆ ಪುಟ ಮಾತ್ರ ತಿರುವುತ್ತಿರಲಿಲ್ಲ. ಆದರೂ ದಿನಾ ಏಳು ಇಪ್ಪತ್ತಕ್ಕೆ ಸೆಕ್ಷನ್ ಆಫೀಸಿಗೆ ಅವನ ಫೋನ್ ಹೋಗುತ್ತಿತ್ತು. “ಹುಡುಗರೇ, ಕರೆಂಟ್ ತೆಗೆಯುದಿದ್ರೆ ಎಂಟರ ನಂತರ ತೆಗೀರಿ ಆಯ್ತಾ.” ಆ ಅರ್ಧ ಗಂಟೆ ಜಾಲ್ಸೂರಿನಲ್ಲಿ ಕರೆಂಟ್ ಹೋದದ್ದಿಲ್ಲ. ಇಲಾಖೆ ಅವನಿಗೆ ಕೊಟ್ಟ ಶಾಲಿಗಿಂತ ಇದು ದೊಡ್ಡ ಮರ್ಯಾದೆ.

ಇನ್ನು ಆಶ್ಲೇಷ ಬಲಿಯ ಸಂಗತಿ. ಸುಳ್ಯದಲ್ಲಿ ಟೈಲ್ಸ್ ಅಂಗಡಿ ಇಟ್ಟ ಮಗ ರೂಪೇಶನಿಗೆ ಮೂವತ್ತಮೂರಾದರೂ ಹುಡುಗಿ ಕೂಡಿ ಬರಲಿಲ್ಲ. ಸುಬ್ರಹ್ಮಣ್ಯದಲ್ಲಿ ನಾಗನಿಗೆ ಆ ಸೇವೆ ಮಾಡಿಸಿ ಎಂದು ಜೋಯಿಸರು ಹೇಳಿದರು. ಕುಮುದಿನಿಗೆ ಮಂಡಿನೋವು, ಹಾಗಾಗಿ ತೀರ್ಥರಾಮಣ್ಣ ಒಬ್ಬನೇ ಸುಬ್ರಹ್ಮಣ್ಯದ ಬಸ್ಸು ಹತ್ತಿದ. ಕೌಂಟರಿನಲ್ಲಿ ಗುಮಾಸ್ತರು ತಲೆ ಎತ್ತದೆ ಕೇಳಿದರು.

“ಯಾರ ಹೆಸರಲ್ಲಿ?”

“ಮಗನದ್ದು. ರೂಪೇಶ.”

“ನಕ್ಷತ್ರ?”

ತೀರ್ಥರಾಮಣ್ಣನಿಗೆ ಜಾಲ್ಸೂರಿನಿಂದ ಸುಳ್ಯದವರೆಗಿನ ಪ್ರತಿ ಕಂಬದ ನಂಬರು ಬಾಯಿಪಾಠ ಬರುತ್ತಿತ್ತು. ಮಗನ ನಕ್ಷತ್ರ ಬರಲಿಲ್ಲ. ಕುಮುದಿನಿಗೆ ಫೋನ್ ಮಾಡಿದ, ಅವಳು ಎತ್ತಲಿಲ್ಲ. ಹಿಂದೆ ಎರಡು ಬಸ್ಸಿನ ಯಾತ್ರಿಕರು ಸಾಲಿನಲ್ಲಿದ್ದರು. “ಬೇಗ ಆಗ್ಲಿ ಮಾರಾಯ್ರೆ!” ಎಂದು ಒಬ್ಬ ಕೂಗಿದ.

“ಮನೆಯಲ್ಲಿ ಯಾರದ್ದಾದ್ರೂ ಒಬ್ಬರ ನಕ್ಷತ್ರ ಗೊತ್ತುಂಟಾ ನಿಮಗೆ?” ಗುಮಾಸ್ತರು ಈಗ ತಲೆ ಎತ್ತಿದರು.

“ಉಂಟು. ರೋಹಿಣಿ ನಕ್ಷತ್ರ, ವೃಷಭ ರಾಶಿ.”

“ಹೆಸರು?”

“ಗಾನಶ್ರೀ.”

ಮೊಟ್ಟಮೊದಲ ಎಪಿಸೋಡಿನಲ್ಲಿ ಗಾನಶ್ರೀಯ ಜಾತಕ ಕೂಡಿಸಿದ್ದರು. ಪೇಪರ್ ಓದುವವನಿಗೆ ಅದು ಹೇಗೆ ಕಿವಿಗೆ ಬಿತ್ತೋ! ಯಂತ್ರ ಚರ್ರೆಂದು ರಸೀದಿ ಹೊರಹಾಕಿತು. ಯಂತ್ರಕ್ಕೆ ಸಂಶಯವೆಂಬುದಿಲ್ಲ.

ಒಳಗೆ ಸಾಲಾಗಿ ಕುಳಿತವರ ಮುಂದೆ ಸಂಕಲ್ಪ ಮಾಡಿಸುವ ಪ್ರಸನ್ನ ಭಟ್ಟರು ಮೈಕ್ ಹಿಡಿದು ಒಬ್ಬೊಬ್ಬರ ಹತ್ತಿರವೇ ಬಂದರು. “ಹೆಸರು ಜೋರಾಗಿ ಹೇಳಿ. ಮೆಲ್ಲ ಹೇಳಿದ್ರೆ ಆಗುದಿಲ್ಲ.”

“ಗಾನಶ್ರೀ.”

“ನಿಮಗೆ ಎಂತ ಆಗ್ಬೇಕು ಅವರು?”

“ದಿನಾ ನಮ್ಮ ಮನೆಗೆ ಬರ್ತಾಳೆ.”

“ಸೊಸೆಯಾ?”

“ಸೊಸೆ ಹೌದು.”

“ಸಂತಾನಕ್ಕಾ?”

“ಹೌದು ಭಟ್ರೆ. ಏಳ್ನೂರ ಹನ್ನೆರಡು ಆಯ್ತು.”

ಭಟ್ಟರು ಅದನ್ನು ದಿನವೆಂದು ತಿಳಿದರು. “ಅದು ದೊಡ್ಡದಲ್ಲ, ಆಗ್ತದೆ,” ಎಂದು ಸಮಾಧಾನ ಹೇಳಿ ಮುಂದೆ ಹೋದರು. ತೀರ್ಥರಾಮಣ್ಣ ದೇವರ ಸನ್ನಿಧಿಯಲ್ಲಿ ಒಂದೇ ಒಂದು ಸುಳ್ಳು ಹೇಳಲಿಲ್ಲ ಎಂಬುದನ್ನು ಇಲ್ಲಿ ದಾಖಲಿಸಬೇಕು.

ಹುತ್ತದ ಮಣ್ಣಿನ ಪ್ರಸಾದದ ಪೊಟ್ಟಣವನ್ನು ಅವನು ದೇವರಕೋಣೆಯಲ್ಲಿಟ್ಟ. ರಸೀದಿಯನ್ನು ಅಂಗಿಯ ಕಿಸೆಯಲ್ಲೇ ಬಿಟ್ಟ. ಮರುದಿನ ಬಟ್ಟೆ ಒಗೆಯುವ ಕಲ್ಲಿನ ಹತ್ತಿರದಿಂದ ಕುಮುದಿನಿಯ ಸ್ವರ ಕೇಳಿತು.

“ಹೋಯ್! ಯಾರಿವಳು ಗಾನಶ್ರೀ?”

ತೀರ್ಥರಾಮಣ್ಣ ಬಂದ. ರಸೀದಿ ನೋಡಿದ. ಕುಮುದಿನಿಯ ಕೈಯಲ್ಲಿ ಒದ್ದೆ ಪಂಚೆ ತಿರುಚಿದ ಹಗ್ಗದ ಹಾಗಿತ್ತು.

“ಮಗನ ಕಾರ್ಯಕ್ಕೆ ಹೋಗಿ ಯಾರ ಹೆಸರು ಬರೆಸಿ ಬಂದದ್ದು ನೀವು? ರೋಹಿಣಿ, ವೃಷಭ…” ಅಲ್ಲಿಗೆ ಅವಳ ಸ್ವರ ನಿಂತಿತು. “ನಮ್ಮ ಗಾನಶ್ರೀಗಾ?”

ಈ ಗಳಿಗೆಯಲ್ಲಿ ಅವನು ನಿಜ ಹೇಳಬಹುದಿತ್ತು. ನಕ್ಷತ್ರ ಮರೆತುಹೋಯಿತು ಎಂಬ ಎರಡು ಮಾತು. ಬದಲಿಗೆ ಅವನು ಕೆಮ್ಮಿ, ದೂರದ ಕಂಬವೊಂದನ್ನು ನೋಡುತ್ತ ಹೇಳಿದ: “ರೂಪೇಶನಿಗೆ ಇವತ್ತಲ್ಲದಿದ್ರೆ ನಾಳೆ ಸಿಕ್ತದೆ. ಆ ಮಗುವಿಗೆ ಯಾರಿದ್ದಾರೆ ಹೇಳು?”

ಆ ಮಧ್ಯಾಹ್ನ ಅವನ ತಟ್ಟೆಗೆ ಎರಡು ಬಂಗುಡೆ ಮೀನು ಹೆಚ್ಚು ಬಿದ್ದವು. ಸಂಜೆಯ ಒಳಗೆ ಸುದ್ದಿ ಬೇಲಿ ದಾಟಿ ಐಸಮ್ಮನಿಗೆ, ಐಸಮ್ಮನಿಂದ ಮಗ ಹಂಝನಿಗೆ, ಓಮ್ನಿ ಓಡಿಸುವ ಹಂಝನಿಂದ ಇಡೀ ಜಂಕ್ಷನಿಗೆ ಮುಟ್ಟಿತು. ಅಲಿ ಕುಂಞಿ ಚಹಾದ ಗ್ಲಾಸನ್ನು ತಾನೇ ತಂದಿಟ್ಟ. “ನಾವೆಲ್ಲ ನೋಡಿ ಅಯ್ಯೋ ಪಾಪ ಹೇಳ್ತೇವೆ, ಅಷ್ಟೇ. ಎದ್ದು ಹೋಗಿ ಮಾಡಿದ್ದು ನೀವೊಬ್ಬರೇ ತೀರ್ಥಣ್ಣ.” ತೀರ್ಥರಾಮಣ್ಣ, ಎಲ್ಲ ದೇವರು, ನನ್ನದೇನುಂಟು ಎಂಬ ಹಾಗೆ ಅಂಗೈ ತೋರಿಸಿದ. ಆ ಅಂಗೈ ತೋರಿಸುವ ಕ್ರಮವನ್ನು ಅವನು ಎರಡು ದಿನದಲ್ಲಿ ಚೆನ್ನಾಗಿ ರೂಢಿಸಿಕೊಂಡಿದ್ದ.

ಹೀಗಿರುವಾಗ ಹಂಝನ ಮೊಬೈಲಿಗೆ ನಾಲ್ಕು ಪಾಸ್ ಬಂತು. ಚಾನೆಲಿನವರು ಪುತ್ತೂರಿನಲ್ಲಿ ಅಭಿಮಾನಿಗಳ ಸಮಾವೇಶ ಮಾಡುತ್ತಾರಂತೆ. ಗಾನಶ್ರೀ ಬರುತ್ತಾಳಂತೆ. ಅತ್ತೆಯೂ.

“ಪ್ರಸಾದ ನೀವೇ ಕೈಯಾರೆ ಕೊಡ್ಬೇಕು,” ಎಂದಳು ಕುಮುದಿನಿ.

“ಅತ್ತೆಯನ್ನು ನನಗೆ ಬಿಡಿ,” ಎಂದಳು ಐಸಮ್ಮ.

ಸಭಾಭವನದ ವೇದಿಕೆಯ ಮೇಲೆ ಗಾನಶ್ರೀಯ ಅಡುಗೆಮನೆಯ ಕಿಟಕಿಯನ್ನೇ ತಂದು ನಿಲ್ಲಿಸಿದ್ದರು. ಐಸಮ್ಮ ಹಿಂದೆ ಹೋಗಿ ನೋಡಿ ಬಂದು ಮೆಲ್ಲಗೆ ಹೇಳಿದಳು: “ಅಡುಗೆಮನೆ ಇಲ್ಲ ಕುಮುದಕ್ಕ. ಬರೀ ಕಿಟಕಿ. ಹಿಂದೆ ಒಬ್ಬ ಕೂತು ಬಿರಿಯಾನಿ ತಿಂತಿದ್ದಾನೆ.” ಆಮೇಲೆ ಅವಳು ಸೆರಗು ಬಿಗಿದು ಅತ್ತೆಯ ಸೆಲ್ಫಿ ಸಾಲಿಗೆ ಹೋದಳು. ಅಲ್ಲಿ ಏನಾಗುತ್ತದೋ ಎಂದು ಹಂಝ ಓಮ್ನಿಯ ಕೀ ಕೈಯಲ್ಲಿ ಹಿಡಿದೇ ನಿಂತಿದ್ದ. ಇಪ್ಪತ್ತು ನಿಮಿಷದ ನಂತರ ಐಸಮ್ಮ ಮುಖ ಬಾಡಿಸಿಕೊಂಡು ಮರಳಿದಳು. “ಪಾಪದ ಹೆಂಗಸು. ಅವಳಿಗೂ ಮಂಡಿನೋವು ಉಂಟಂತೆ. ನಾನು ಮಂಡಿಗೆ ಹಚ್ಚುವ ಎಣ್ಣೆಯನ್ನೇ ಅವಳೂ ಹಚ್ಚುದಂತೆ. ನನ್ನನ್ನು ‘ಅಮ್ಮ, ಕೂತ್ಕೊಳ್ಳಿ’ ಅಂತ ಹೇಳಿ ಅವಳ ಕುರ್ಚಿ ಕೊಟ್ಟಳು. ಇನ್ನು ನಾನು ಬಯ್ಯುದು ಹೇಗೆ?” ತನ್ನ ಆಸ್ತಿ ಕಳೆದುಕೊಂಡವಳ ಹಾಗೆ ಅವಳು ಕುಳಿತಳು.

ಮಿಂಚುವ ಕೋಟಿನ ನಿರೂಪಕ ಚೀಟಿ ಎತ್ತಿದ. ತೀರ್ಥರಾಮಣ್ಣನ ಹೆಸರು ಬಂತು. ಅವನು ಪೊಟ್ಟಣ ಹಿಡಿದು ಮೆಟ್ಟಿಲು ಹತ್ತಿದ. ಎದುರಿಗೆ, ಎರಡು ಅಡಿ ದೂರದಲ್ಲಿ, ಗಾನಶ್ರೀ. ಟಿ.ವಿ.ಯಲ್ಲಿದ್ದದ್ದಕ್ಕಿಂತ ಸಪೂರ, ಗಿಡ್ಡ. ಕೈಮುಗಿದಳು.

“ಸರ್, ನಮ್ಮ ಗಾನಶ್ರೀಗೆ ಏನ್ ಹೇಳೋಕೆ ಇಷ್ಟಪಡ್ತೀರಾ? ಜೋರಾಗಿ!”

ಜೋರಾಗಿ ಹೇಳುವುದನ್ನು ತೀರ್ಥರಾಮಣ್ಣ ಸುಬ್ರಹ್ಮಣ್ಯದಲ್ಲಿ ಕಲಿತಿದ್ದ. “ಮಗಾ, ನೀನು ಹೆದರ್ಬೇಡ. ಅತ್ತೆ ಹೇಳಿದ್ದನ್ನು ತಲೆಗೆ ಹಾಕಿಕೊಳ್ಬೇಡ. ನಿನ್ನ ಹೆಸರಲ್ಲಿ ನಾನು ಆಶ್ಲೇಷ ಬಲಿ ಮಾಡಿಸಿದ್ದೇನೆ. ಈ ವರ್ಷದ ಒಳಗೆ ನಿನಗೆ ಮಗು ಆಗ್ತದೆ!”

ಸಭೆ ಎದ್ದು ನಿಂತಿತು. ಸಿಳ್ಳೆ ಬಿತ್ತು. ನಿರೂಪಕನಿಗೆ ಇಡೀ ದಿನದಲ್ಲಿ ಸಿಕ್ಕದ ಚಪ್ಪಾಳೆ ಈಗ ಸಿಕ್ಕಿತ್ತು. ಅವನು ಅದನ್ನು ಕೈಬಿಡಲು ತಯಾರಿರಲಿಲ್ಲ.

“ಅಂಕಲ್, ಒಂದು ಸೀಕ್ರೆಟ್ ಹೇಳ್ಲಾ? ನಮ್ಮ ಈ ಪಾತ್ರ ಮಾಡೋ ತನ್ಮಯೀ ಮೇಡಂಗೆ ನಿಜವಾಗ್ಲೂ ಮದುವೆ ಆಗಿ ಎಂಟು ವರ್ಷ! ಇನ್ನೂ ಗುಡ್ ನ್ಯೂಸ್ ಇಲ್ಲ! ನಿಮ್ಮ ಪೂಜೆ ಡಬಲ್ ವರ್ಕ್ ಆಗ್ಲಿ ಅಂತ ಒಂದು ಜೋರಾದ ಚಪ್ಪಾಳೆ!”

ಚಪ್ಪಾಳೆ ಚಾವಣಿಗೆ ಬಡಿಯಿತು. ತೀರ್ಥರಾಮಣ್ಣ ಅವಳ ಮುಖ ನೋಡುತ್ತಿದ್ದ. ಮೊದಲು ಅವಳ ಮೂಗು ಕೆಂಪಾಯಿತು. ಆಮೇಲೆ ಎರಡೂ ಕಣ್ಣಿನಲ್ಲಿ ಒಟ್ಟಿಗೆ ನೀರು ಬಂತು. ಎಡ ಮೊದಲು, ಬಲ ಮತ್ತೆ ಎಂಬ ಕ್ರಮ ಇರಲಿಲ್ಲ. ತುಟಿ ಒಂದು ಕಡೆ ಜಾರಿತು. ಮೂಗಿನಿಂದಲೂ ಇಳಿಯಿತು. ಅವಳು ಸೀರೆಯ ಸೆರಗಿನಿಂದ ಒರೆಸಿಕೊಂಡು ನಗಲು ಪ್ರಯತ್ನಿಸಿದಳು. ಒಟ್ಟಿನಲ್ಲಿ ಸ್ವಲ್ಪವೂ ಚೆಂದವಿರಲಿಲ್ಲ.

“ಆನಂದಬಾಷ್ಪ!” ಎಂದ ನಿರೂಪಕ. ಮೂರನೆಯ ಸಾಲಿನಲ್ಲಿ ಕುಮುದಿನಿಯೂ ಐಸಮ್ಮನೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಸಂತೋಷದಿಂದ ಅಳುತ್ತಿದ್ದರು.

ಪೊಟ್ಟಣ ತೀರ್ಥರಾಮಣ್ಣನ ಕೈಯಲ್ಲೇ ಉಳಿದಿತ್ತು. ಸ್ವಲ್ಪ ಹೊತ್ತಿನಲ್ಲಿ ಅವನಿಗೆ ಒಳಗಿನಿಂದ ಕರೆ ಬಂತು. ವೇದಿಕೆಯ ಹಿಂದಿನ ಕೋಣೆಯಲ್ಲಿ ಅವಳು ಕುಳಿತಿದ್ದಳು. ಒಬ್ಬಳು ಅವಳ ಮೂಗಿಗೆ ಪೌಡರ್ ಒತ್ತುತ್ತಿದ್ದಳು.

“ಕೂತ್ಕೊಳ್ಳಿ ಅಂಕಲ್.”

ಅವನು ಕೂರಲಿಲ್ಲ. “ನನಗೆ ಗೊತ್ತಿರ್ಲಿಲ್ಲ ಮೇಡಂ.” ಹತ್ತು ನಿಮಿಷದ ಹಿಂದೆ ಮಗಾ ಎಂದು ಕರೆದವನು ಅವನೇ.

“ಪೂಜೆ ಯಾರ ಹೆಸರಲ್ಲಿ ಮಾಡ್ಸಿದ್ರಿ?”

“ಗಾನಶ್ರೀ. ರೋಹಿಣಿ ನಕ್ಷತ್ರ, ವೃಷಭ ರಾಶಿ.”

“ನಂದು ಚಿತ್ತಾ,” ಎಂದಳು ಅವಳು. ಪೌಡರಿನವಳು ಕೈ ನಿಲ್ಲಿಸಿದಳು. “ಪರವಾಗಿಲ್ಲ ಬಿಡಿ. ಅವಳಿಗಂತೂ ಆಗುತ್ತೆ. ಮುಂದಿನ ತಿಂಗಳು. ಬರೆದಾಗಿದೆ. ನನ್ನ ಹೊಟ್ಟೆಗೆ ಅಳತೆನೂ ತಗೊಂಡು ಹೋಗಿದಾರೆ, ಮೂರು ಸೈಜಿಗೆ. ಯಾರಿಗೂ ಹೇಳ್ಬೇಡಿ, ಪ್ಲೀಸ್.”

“ಇಲ್ಲ ಮೇಡಂ.”

ಅವನು ತಿರುಗಿದಾಗ ಅವಳು ಪೊಟ್ಟಣದ ಕಡೆಗೆ ಕೈ ನೀಡಿದಳು. “ಅದು ಕೊಡಿ. ಅವಳದ್ದಾದ್ರೂ ಇರ್ಲಿ ನನ್ನ ಹತ್ರ.”

ಊರಿಗೆ ಮರಳುವಾಗ ಓಮ್ನಿಯಲ್ಲಿ ಕುಮುದಿನಿ ಕೇಳಿದಳು: “ಒಳಗೆ ಎಂತ ಹೇಳಿದ್ಲು?”

“ಥ್ಯಾಂಕ್ಸ್,” ಎಂದ ತೀರ್ಥರಾಮಣ್ಣ. ಜಾಲ್ಸೂರು ಮುಟ್ಟುವವರೆಗೆ ಮತ್ತೆ ಮಾತಾಡಲಿಲ್ಲ. ಇದನ್ನು ವಿನಯವೆಂದು ಮೂವರೂ ಒಪ್ಪಿದರು.

ಆದರೆ ಏಳೂವರೆಯ ಅರ್ಧ ಗಂಟೆ ಅಲ್ಲಿಂದ ಹಾಳಾಯಿತು. ಅತ್ತೆ ಬಯ್ಯಲು ಬಾಯಿ ತೆರೆದರೆ ಐಸಮ್ಮ ಅವಳ ಮಂಡಿಯನ್ನು ನೋಡುತ್ತಿದ್ದಳು. “ನೋಡಿ, ಮೆಟ್ಟಿಲು ಹತ್ತುವಾಗ ಎಡಗಾಲು ಹೇಗೆ ಎಳೀತಾಳೆ. ಎಣ್ಣೆ ಹಚ್ಚಿಲ್ಲ ಇವತ್ತು.” ಗಾನಶ್ರೀ ಕಿಟಕಿಯ ಬಳಿ ಅಳಲು ನಿಂತರೆ ತೀರ್ಥರಾಮಣ್ಣ ಪೇಪರಿನ ಮರೆಯಿಂದ ಹೇಳುತ್ತಿದ್ದ: “ಇದು ಅಳುದಲ್ಲ.”

“ಮತ್ತೆಂತ ಇದು, ಬೆವರಾ?” ಕುಮುದಿನಿಗೆ ರೇಗಿತು.

“ಮೂಗು ಕೆಂಪಾಗಿಲ್ಲ.”

“ನಿಮ್ಮ ಮೂಗು ನೀವು ನೋಡಿಕೊಳ್ಳಿ! ಚೆಂದಕ್ಕೆ ಅಳುವವಳನ್ನು ಅಳ್ಲಿಕ್ಕೂ ಬಿಡುದಿಲ್ಲ!”

ಏಳುನೂರ ನಲವತ್ತನೆಯ ಎಪಿಸೋಡಿನಲ್ಲಿ ಗಾನಶ್ರೀ ಸಾರಿಗೆ ಒಗ್ಗರಣೆ ಹಾಕುತ್ತಿದ್ದವಳು ಬಾಯಿಗೆ ಕೈ ಹಿಡಿದು ಹಿತ್ತಲಿಗೆ ಓಡಿದಳು. ಅರ್ಥವಾಗಲು ವೈದ್ಯರು ಬೇಕಿರಲಿಲ್ಲ. ಐಸಮ್ಮ ಕುರ್ಚಿ ಸಮೇತ ಎದ್ದಳು. ಹೊರಗೆ ಹಂಝ ಓಮ್ನಿಯ ಹಾರ್ನ್ ಹೊಡೆದ. ಮರುದಿನ ಬೆಳಿಗ್ಗೆ ಜನ ತೀರ್ಥರಾಮಣ್ಣನ ಅಂಗಳಕ್ಕೇ ಬಂದರು. ಕಡಬದಿಂದ ನೆಂಟರೊಬ್ಬರು ತಮ್ಮ ಮಗಳ ನಕ್ಷತ್ರವನ್ನು ಫೋನಿನಲ್ಲಿ ಬರೆಸಿದರು. ನಿವೃತ್ತ ಟೀಚರ್ ಸತ್ಯವತಿ ತನ್ನ ಎಮ್ಮೆ ಗಬ್ಬ ನಿಲ್ಲುವುದಿಲ್ಲವೆಂದು, ಸಂಕೋಚದಿಂದ, ಎಮ್ಮೆಯ ಹೆಸರು ಹೇಳಿದರು.

“ನಾನು ಮಾಡಿದ್ದಲ್ಲ. ಅದು ಮೊದಲೇ ಬರೆದಾಗಿತ್ತು,” ಎಂದ ತೀರ್ಥರಾಮಣ್ಣ.

“ನೋಡಿ, ಎಷ್ಟು ದೊಡ್ಡ ಮಾತು,” ಎಂದರು ಸತ್ಯವತಿ ಟೀಚರ್. “ಎಲ್ಲ ಮೊದಲೇ ಬರೆದಾಗಿರ್ತದೆ.”

ಅವನು ಅಂಗೈ ತೋರಿಸಲಿಲ್ಲ. ಒಳಗೆ ಹೋಗಿ ಬಾಗಿಲು ಎಳೆದುಕೊಂಡ. ಅದರಿಂದ ಅವನ ಕೀರ್ತಿ ಇನ್ನೂ ಹೆಚ್ಚಿತು.

ಸೀಮಂತದ ಎಪಿಸೋಡಿನ ದಿನ ಊರಿನ ಹೆಂಗಸರು ತೀರ್ಮಾನಿಸಿಬಿಟ್ಟರು: ಬಯಕೆ ಊಟ ಇಲ್ಲಿಯೇ ಆಗಬೇಕು. ಹರಕೆ ಹೊತ್ತ ಮನೆಯವರು ಬಡಿಸದಿದ್ದರೆ ಹೇಗೆ? ಟಿ.ವಿ.ಯ ಮುಂದೆ ತುದಿ ಬಾಳೆಲೆ ಹಾಕಿದರು. ಹೋಳಿಗೆ, ಪತ್ರೊಡೆ, ಐಸಮ್ಮನ ಮನೆಯ ಕಲ್ತಪ್ಪ, ಏಳು ಬಗೆ ಸಿಹಿ. ಟಿ.ವಿ.ಗೆ ಮಲ್ಲಿಗೆ ಮುಡಿಸಿ, ಹಸಿರು ಬಳೆಗಳನ್ನು ಸೆಟ್‌ಟಾಪ್ ಬಾಕ್ಸಿನ ಮೇಲಿಟ್ಟರು. ಹದಿನೆಂಟು ಜನ ಕುಳಿತರು. ಪೇಪರ್ ಹಿಡಿಯಲು ಬಿಡದೆ ತೀರ್ಥರಾಮಣ್ಣನನ್ನು ಮುಂದಿನ ಕುರ್ಚಿಯಲ್ಲಿ ಕೂರಿಸಿದರು.

ತೆರೆಯ ಮೇಲೆ ಗಾನಶ್ರೀ ಹಸಿರು ಸೀರೆಯಲ್ಲಿ ಬಂದಳು. ಹೊಟ್ಟೆ ಇತ್ತು. ಎರಡನೆಯ ಸೈಜ್, ಎಂದು ತೀರ್ಥರಾಮಣ್ಣನಿಗೆ ಮಾತ್ರ ಗೊತ್ತಿತ್ತು. ಅತ್ತೆ ಬಳೆ ತೊಡಿಸಿದಳು. ಗಾನಶ್ರೀ ಹೊಟ್ಟೆಯ ಮೇಲೆ ಕೈ ಇಟ್ಟಳು. ಕ್ಯಾಮೆರಾ ಮುಖದ ಹತ್ತಿರ ಬಂತು. ಈಗ ಎಡಗಣ್ಣಿನಿಂದ ಒಂದು ಹನಿ ಬರಬೇಕು.

ಬರಲಿಲ್ಲ. ಮೂಗು ಕೆಂಪಾಯಿತು.

“ನೋಡಿ, ಎಷ್ಟು ಸಂತೋಷ ಅವಳಿಗೆ!” ಎಂದರು ಯಾರೋ. ಎರಡೂ ಕಣ್ಣು ಒಟ್ಟಿಗೆ ತುಂಬಿದವು. ತುಟಿ ಒಂದು ಕಡೆ ಜಾರಿತು. ಹದಿನೆಂಟು ಜನ ಚಪ್ಪಾಳೆ ತಟ್ಟಿದರು.

ತೀರ್ಥರಾಮಣ್ಣ ಎದ್ದ. ಎಲೆ ತುಳಿದ. ಹೋಳಿಗೆ ಅಂಟಿದ ಕಾಲಿನಲ್ಲೇ ಅಂಗಳ ದಾಟಿ, ರಸ್ತೆ ದಾಟಿ, ಟ್ರಾನ್ಸ್‌ಫಾರ್ಮರಿನ ಹತ್ತಿರ ಹೋಗಿ, ಇಷ್ಟು ವರ್ಷ ಆ ಹೊತ್ತಿನಲ್ಲಿ ಯಾರಿಗೂ ಮಾಡಲು ಬಿಡದ ಕೆಲಸ ಮಾಡಿದ. ಡಬ್ಬಿ ತೆರೆದು ಫ್ಯೂಸ್ ಕಿತ್ತ. ಒಂದು, ಎರಡು, ಮೂರು. ಜಾಲ್ಸೂರು ಕತ್ತಲಾಯಿತು.

ಮೊದಲು ಅವನ ಮನೆಯಿಂದ, ಮತ್ತೆ ಎಲ್ಲ ಮನೆಗಳಿಂದ ಒಂದೇ ಬೊಬ್ಬೆ ಎದ್ದಿತು. ಕಿಸೆಯ ಫೋನ್ ಹೊಡೆದುಕೊಂಡಿತು. ಸೆಕ್ಷನ್ ಆಫೀಸಿನ ಇಂಜಿನಿಯರ್.

“ತೀರ್ಥರಾಮಣ್ಣಾ, ನಿಮ್ಮಲ್ಲಿ ಲೈನಿನಲ್ಲಿ ಎಂತ ಫಾಲ್ಟ್? ನೂರು ಫೋನ್ ಬಂತು ನನಗೆ!”

“ಲೈನಿನಲ್ಲಿ ಇಲ್ಲ ಸರ್. ನನ್ನದೇ.”

ಹಂಝ ಮೊಬೈಲಿನ ಬೆಳಕು ಹಿಡಿದು ಎಲ್ಲರಿಗಿಂತ ಮುಂದೆ ಬಂದ. ಬೆಳಕು ಅವನ ಕೈಯ ಮೇಲೆ ನಿಂತಿತು. ಕೈಯಲ್ಲಿ ಮೂರು ಫ್ಯೂಸ್.

“ತೀರ್ಥಣ್ಣ, ನೀವಾ?”

ಹಿಂದಿನಿಂದ ಕುಮುದಿನಿ, ಐಸಮ್ಮ, ಟೀಚರ್, ಉಳಿದವರು. ಯಾರೂ ಬಯ್ಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

“ಎಂತ ಆಯ್ತು ನಿಮಗೆ?” ಎಂದಳು ಕುಮುದಿನಿ.

“ಅವಳ ಮೂಗು ಕೆಂಪಾಗಿತ್ತು. ನೀವೆಲ್ಲ ನೋಡ್ತಾ ಇದ್ರಿ.”

ಐಸಮ್ಮ ಮಾತ್ರ ಅವನನ್ನು ಸ್ವಲ್ಪ ಹೊತ್ತು ದಿಟ್ಟಿಸಿದಳು. ಮತ್ತೆ, “ಬನ್ನಿ, ಎಲೆ ಎತ್ತುವ,” ಎಂದು ಹೆಂಗಸರನ್ನು ತಿರುಗಿಸಿಕೊಂಡು ಹೋದಳು.

ಆ ವಾರ ಕುಮುದಿನಿ ರೂಪೇಶನ ನಕ್ಷತ್ರವನ್ನು ಗಂಡನ ಅಂಗೈಯಲ್ಲೇ ಪೆನ್ನಿನಿಂದ ಬರೆದು ಪುನಃ ಸುಬ್ರಹ್ಮಣ್ಯಕ್ಕೆ ಕಳುಹಿಸಿದಳು. ಅವನು ಕೌಂಟರಿನಲ್ಲಿ ಎರಡು ರಸೀದಿ ಮಾಡಿಸಿದ. ಪ್ರಸನ್ನ ಭಟ್ಟರು ಅವನ ಗುರುತು ಹಿಡಿದರು.

“ಹೋ, ನೀವಾ! ಆ ಸೊಸೆಗೆ ಎಂತಾಯ್ತು?”

“ಆಯ್ತು ಭಟ್ರೆ. ಮೊನ್ನೆ ಬಯಕೆ.”

“ಕಂಡಿರಾ!” ಭಟ್ಟರು ಸಾಲಿನವರೆಲ್ಲ ಕೇಳುವ ಹಾಗೆ ಮೈಕಿನಲ್ಲೇ ಹೇಳಿದರು. ತೀರ್ಥರಾಮಣ್ಣ ತಲೆ ತಗ್ಗಿಸಿದ. “ಈ ಸಲ ಯಾರದ್ದು?”

“ಒಂದು ಮಗನದ್ದು.” ಅವನು ಅಂಗೈ ತೋರಿಸಿದ. “ಇನ್ನೊಂದು ಚಿತ್ತಾ ನಕ್ಷತ್ರ.”

“ರಾಶಿ?”

“ಗೊತ್ತಿಲ್ಲ.”

“ಗಂಡನ ಹೆಸರು? ಊರು?”

“ಗೊತ್ತಿಲ್ಲ ಭಟ್ರೆ.”

“ಇದೆಂತ ಮಾರಾಯ್ರೆ, ನಿಮಗೆ ಎಂತ ಆಗ್ಬೇಕು ಅವರು?”

“ಎಂತದ್ದೂ ಆಗುದಿಲ್ಲ. ನಾನು ಅವರಿಗೆ ಒಂದು ಉಪದ್ರ ಕೊಟ್ಟಿದ್ದೇನೆ.”

ಭಟ್ಟರು ಕನ್ನಡಕ ಮೇಲೆ ದೂಡಿದರು. “ಹ್ಞೂಂ. ಸಂಕಲ್ಪ ಸಂತಾನಕ್ಕೇ ಅಲ್ವಾ?”

“ಅಲ್ಲ, ಅಲ್ಲ! ಅದನ್ನು ಅವರು ಕೇಳಿಲ್ಲ.” ತೀರ್ಥರಾಮಣ್ಣ ಗಾಬರಿಯಲ್ಲಿ ಅರ್ಧ ಎದ್ದೇಬಿಟ್ಟ. “ಇನ್ನು ಯಾರೂ ಅವರ ಹತ್ತಿರ ಆ ವಿಷಯ ಎತ್ತದ ಹಾಗೆ ಆಗ್ಲಿ ಅಂತ.”

“ಅದಕ್ಕೆ ಮಂತ್ರ ಇಲ್ಲ,” ಎಂದರು ಭಟ್ಟರು ಯೋಚಿಸಿ. “ಕ್ಷೇಮ ಅಂತ ಹೇಳುವ. ಆಯ್ತಾ? ಹೆಸರು ಹೇಳಿ. ಜೋರಾಗಿ.”

ಮೈಕ್ ಅವನ ಬಾಯಿಯ ಹತ್ತಿರ ಬಂತು. ತೀರ್ಥರಾಮಣ್ಣ ಅದರ ತಲೆಯ ಮೇಲೆ, ಕರೆಂಟ್ ಇರುವ ಬರಿಯ ವಯರ್ ಮುಟ್ಟುವವನ ಎಚ್ಚರದಲ್ಲಿ, ಅಂಗೈ ಮುಚ್ಚಿದ.

“ಈ ಸಲ ಮೆಲ್ಲ ಹೇಳ್ತೇನೆ ಭಟ್ರೆ. ಜೋರಾಗಿ ಒಂದು ಸಲ ಹೇಳಿ ಆಗಿದೆ.”